ಮಾಸು ಮತ್ತು ಮಡಿ

ಮುಂಬಯಿಯ ಗೋರೆಗಾಂವ್‌ನ ನಮ್ಮ ಎರಡು ಕೋಣೆಯ ಮನೆಯಲ್ಲೂ ಅಮ್ಮ ಮಡಿ ಬಿಟ್ಟವಳಲ್ಲ. ಅಪ್ಪನ ನೌಕರಿಯ ಹಿಂದೆ ಮೈಸೂರು ಕಡೆಯಿಂದ ಬರುವಾಗ ಪಾತ್ರೆಪಗಡದ ಜೊತೆ ಅದನ್ನೂ ಕಟ್ಟಿಕೊಂಡು ಬಂದಿದ್ದಳು. ಬೆಳಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಸ್ನಾನ, ಯಾರೂ ಮುಟ್ಟದ ಹಾಗೆ ಒಣಗಿಸಿದ ಸೀರೆ. ಊಟ ಮುಗಿಯುವ ತನಕ ನಾವು ಯಾರೂ ಅವಳ ಹತ್ತಿರ ಸುಳಿಯುವಂತಿಲ್ಲ. ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕೆಲಸದ ಹೆಂಗಸನ್ನು ಬಾಗಿಲಾಚೆ ನಿಲ್ಲಿಸುವ ಶುಚಿ ಅದ್ಯಾವ ಶುಚಿ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ಆ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಪಿಎಚ್.ಡಿ. ವಿದ್ಯಾರ್ಥಿನಿ. ಸಿ-ಡಿಎನ್‌ಎ ತಯಾರಿಸುವ ಕೆಲಸಕ್ಕೆ ನಮ್ಮ ಲ್ಯಾಬಿನಲ್ಲಿ ಮೊದಲು ಕೈಹಾಕಿದವಳು ನಾನೇ. ಆ ಜಂಬ ನನಗಿತ್ತು, ಮುಚ್ಚಿಡುವುದೇಕೆ? ಜೀವಕೋಶದ ಡಿಎನ್‌ಎ ಒಂದು ದೊಡ್ಡ ಗ್ರಂಥ ಎಂದುಕೊಳ್ಳಿ. ಜೀವಕೋಶ ಅದನ್ನೆಲ್ಲ ಒಟ್ಟಿಗೆ ಓದುವುದಿಲ್ಲ. ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಚೀಟಿಯಲ್ಲಿ ಬರೆದುಕೊಳ್ಳುತ್ತದೆ. ಆ ಚೀಟಿಯೇ ಆರ್‌ಎನ್‌ಎ. ಅದು ಬೇಗ ಹಾಳಾಗುತ್ತದೆ. ಅದಕ್ಕೇ ಒಂದು ಕಿಣ್ವದ ಸಹಾಯದಿಂದ ಅದನ್ನು ಮತ್ತೆ ಡಿಎನ್‌ಎ ರೂಪದಲ್ಲಿ ನಕಲು ಮಾಡಬೇಕು. ಹಾಗೆ ಸಿಕ್ಕ ಪ್ರತಿಯೇ ಸಿ-ಡಿಎನ್‌ಎ, ಅದು ಬಾಳಿಕೆ ಬರುತ್ತದೆ. ಬ್ಯಾಕ್ಟೀರಿಯಾದೊಳಗೆ ಸೇರಿಸಿ ಎಷ್ಟು ಬೇಕಾದರೂ ಬೆಳೆಸಬಹುದು, ಯಾವ ಅಂಗದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ಓದಬಹುದು. ಬಸಿರು ಉಳಿಸುವ ಹಾರ್ಮೋನಿನ ಜೀನ್ ಮೇಲೆ ನನ್ನ ಕಣ್ಣಿತ್ತು. ಅದಕ್ಕೆ ನನಗೆ ಬೇಕಾದದ್ದು ಮನುಷ್ಯರ ಮಾಸು, ಹೆರಿಗೆಯಾದ ಮೇಲೆ ಮಗುವಿನ ಹಿಂದೆ ಬೀಳುವ ಮಾಸು.

ದಾದರ್ ಕಡೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ, ಬಾಣಂತಿಯ ಒಪ್ಪಿಗೆ ಪಡೆದು, ಅದನ್ನು ಐಸ್ ತುಂಬಿದ ಅಗಲ ಬಾಯಿಯ ಫ್ಲಾಸ್ಕಿಗೆ ಹಾಕಿಕೊಂಡು ಲೋಕಲ್‌ನಲ್ಲಿ ಲ್ಯಾಬಿಗೆ ಒಯ್ಯುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಒಮ್ಮೆ ಪಕ್ಕದಾಕೆ, “ಕುಲ್ಫಿ ಹೈ ಕ್ಯಾ?” ಎಂದು ಕೇಳಿದಳು. ಮನೆಯಲ್ಲಿ ಮಾತ್ರ ಮಾಸು ಎಂದು ಬಾಯಿಬಿಟ್ಟಿರಲಿಲ್ಲ, ‘ಸ್ಯಾಂಪಲ್’ ಎಂದಷ್ಟೇ ಹೇಳಿದ್ದೆ. ಹೆರಿಗೆಯ ಮೈಲಿಗೆಗೆ ನಮ್ಮಲ್ಲಿ ಪುರುಡು ಎನ್ನುತ್ತಾರೆ. ಮಾಸು ಮುಟ್ಟಿದ ಕೈಯಲ್ಲಿ ನಾನು ಮನೆಯೊಳಗೆ ಓಡಾಡುತ್ತೇನೆಂದು ಗೊತ್ತಾದರೆ ಅಮ್ಮ ಏನು ಮಾಡುತ್ತಾಳೋ ಎಂದು ನಿಜವಾಗಿಯೂ ಹೆದರಿದ್ದೆ.

ಅಷ್ಟರಲ್ಲಿ ಲ್ಯಾಬಿನ ಕೆಲಸ ಕೈಕೊಟ್ಟಿತು. ಮೂರು ಸಲ ಆರ್‌ಎನ್‌ಎ ತೆಗೆದೆ, ಮೂರು ಸಲವೂ ಹಾಳಾಗಿತ್ತು. ಪರೀಕ್ಷಿಸಿದಾಗ ಎರಡು ಸ್ಪಷ್ಟ ಪಟ್ಟಿ ಕಾಣಬೇಕಾದಲ್ಲಿ ಕೈಯಲ್ಲಿ ಒರೆಸಿದ ಹಾಗೆ ಬರೀ ಕಲೆ. ಆರ್‌ಎನ್‌ಎಯನ್ನು ಕತ್ತರಿಸಿ ಹಾಕುವ ಕಿಣ್ವವೊಂದು ನಮ್ಮ ಚರ್ಮದ ಮೇಲೆ, ಬೆವರಿನಲ್ಲಿ ಇರುತ್ತದೆ. ಮುಂಬಯಿಯ ಸೆಕೆಯಲ್ಲಿ ಬೆವರಿಗೇನು ಬರ! ಗಾಜಿನ ಸಾಮಾನನ್ನೆಲ್ಲ ಒಲೆಯಲ್ಲಿ ಸುಡುತ್ತಿದ್ದೆ, ನೀರಿಗೆ ಮದ್ದು ಹಾಕಿ ಶುದ್ಧ ಮಾಡುತ್ತಿದ್ದೆ, ಗ್ಲೌಸ್ ಹಾಕದೆ ಏನನ್ನೂ ಮುಟ್ಟುತ್ತಿರಲಿಲ್ಲ. ಆದರೂ ಕೆಡುತ್ತಿತ್ತು. ನಕಲು ಮಾಡುವ ಕಿಣ್ವ ಹೊರದೇಶದಿಂದ ಬಂದದ್ದು, ಇದ್ದದ್ದು ಒಂದೇ ಒಂದು ಪುಟ್ಟ ಶೀಶೆ. ಅದರ ಅವಧಿ ಮುಗಿಯುತ್ತಾ ಬಂದಿತ್ತು. ಇನ್ನೊಂದು ಸಲ ನೋಡಿ, ಆಗದಿದ್ದರೆ ಶೀಶೆಯನ್ನು ಬೇರೆಯವರಿಗೆ ಕೊಟ್ಟು ನಿಮಗೆ ಬೇರೆ ವಿಷಯ ಹುಡುಕೋಣ ಎಂದರು ನನ್ನ ಗೈಡ್. ಎರಡು ವರ್ಷದ ಕೆಲಸ ನೀರುಪಾಲಾಗುವುದರಲ್ಲಿತ್ತು.

ಆ ಭಾನುವಾರ ಬೆಳಗ್ಗೆ ಅಡುಗೆಮನೆಯ ಹೊಸ್ತಿಲಾಚೆ ಕೂತು ಅಳುತ್ತಲೇ, ಮಾಸಿನ ಮಾತೊಂದನ್ನು ಬಿಟ್ಟು, ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಹುಳಿಗೆ ಬೇಳೆ ಬೇಯಿಸುತ್ತಿದ್ದಳು.

“ಗ್ಲೌಸ್ ಹಾಕ್ಕೊಂಡ್ಮೇಲೆ ಮೊದಲು ಏನು ಮುಟ್ತೀಯೇ?”

“ಫ್ರಿಜ್ ಬಾಗಿಲು.”

“ಅದನ್ನ ಬಾಕಿಯೋರೆಲ್ಲ ಬರೀ ಕೈಯಲ್ಲಿ ಮುಟ್ಟಿರ್ತಾರಲ್ವಾ? ಆಮೇಲೆ ಅದೇ ಗ್ಲೌಸಲ್ಲಿ ನಿನ್ನ ಸ್ಯಾಂಪಲ್ ಹಿಡೀತೀಯಾ?”

ಕನ್ನಡಕ ಮೇಲಕ್ಕೆ ತಳ್ಳಿ ಹೂಂ ಎಂದೆ.

“ಹಾಗಾದ್ರೆ ನಿಂದು ಎಂಥಾ ಮಡಿಯೇ? ಮಡಿ ಸೀರೆ ಉಟ್ಕೊಂಡು ಸ್ಟೇಷನ್ನಿಗೆ ಹೋಗ್ಬಂದಂಗಾಯ್ತು,” ಎಂದು ನಕ್ಕಳು. “ಮತ್ತೆ ಆ ಕನ್ನಡಕ! ಇಷ್ಟು ಹೇಳೋದ್ರೊಳಗೆ ನಾಲ್ಕು ಸಲ ಮೇಲಕ್ಕೆ ತಳ್ದೆ. ಅಲ್ಲೂ ಹಿಂಗೇ ಮಾಡ್ತೀಯೋ ಇಲ್ವೋ?”

ಮಾಡುತ್ತಿದ್ದೆ. ಬೆವರಿಗೆ ಕನ್ನಡಕ ಜಾರುತ್ತಿತ್ತು, ಗ್ಲೌಸ್ ಹಾಕಿದ ಬೆರಳಿನಿಂದಲೇ ಮೇಲೇರಿಸುತ್ತಿದ್ದೆ. ಮೂಗಿನ ಮೇಲಿನ ಬೆವರನ್ನು ನಾನೇ ಒಯ್ದು ಆರ್‌ಎನ್‌ಎಗೆ ಸೇರಿಸುತ್ತಿದ್ದೆ. ಇಡೀ ಲ್ಯಾಬಿನಲ್ಲಿ ಯಾರ ಕಣ್ಣಿಗೂ ಬೀಳದ್ದು ಅಮ್ಮನ ಕಣ್ಣಿಗೆ ಒಲೆಯ ಮುಂದೆ ನಿಂತಲ್ಲೇ ಬಿತ್ತು.

ಮಾರನೆಯ ದಿನ ಲಂಗದ ಲಾಡಿಯಿಂದ ಕನ್ನಡಕವನ್ನು ತಲೆಯ ಹಿಂದಕ್ಕೆ ಬಿಗಿದು ಕಟ್ಟಿಕೊಂಡು ಲ್ಯಾಬಿಗೆ ಹೋದೆ. ಜೊತೆಯವರು ನಗಲಿ ಎಂದು ಬಿಟ್ಟೆ. ಬಾಗಿಲನ್ನು ಮೊಣಕೈಯಿಂದ ತೆರೆದೆ, ಹೆಜ್ಜೆಹೆಜ್ಜೆಗೂ ಗ್ಲೌಸ್ ಬದಲಿಸಿದೆ. ಈ ಸಲ ಆರ್‌ಎನ್‌ಎಯ ಎರಡು ಪಟ್ಟಿ ಗೆರೆ ಎಳೆದ ಹಾಗೆ ನಿಂತವು. ಶೀಶೆ ನನಗೇ ಉಳಿಯಿತು. ವಾರ ಕಳೆಯುವುದರೊಳಗೆ ನನ್ನ ಮೊದಲ ಸಿ-ಡಿಎನ್‌ಎ ಎಕ್ಸ್-ರೇ ಫಿಲ್ಮಿನ ಮೇಲೆ ಉದ್ದಕ್ಕೆ ಕಪ್ಪಗೆ ಮೂಡಿತು. ಗೈಡ್ ಅದನ್ನು ಬೆಳಕಿಗೆ ಹಿಡಿದು ಎಲ್ಲರನ್ನೂ ಕರೆದು ತೋರಿಸಿದರು. ನಾನು ಲಾಡಿ ಕಟ್ಟಿಕೊಂಡೇ ಎದೆಯುಬ್ಬಿಸಿ ನಿಂತಿದ್ದೆ.

ಅಷ್ಟೆಲ್ಲ ಆದ ಮೇಲೆ ಅಮ್ಮನಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಮುಂದಿನ ಭಾನುವಾರ, ಅವಳು ಬಡಿಸಲು ಎಲೆ ಹಾಕುತ್ತಿದ್ದಾಗ, ಸ್ಯಾಂಪಲ್ ಎಂದರೆ ಏನೆಂದು ಹೇಳಿಬಿಟ್ಟೆ. ಹತ್ತಿರ ಬರಬೇಡ ಎನ್ನುತ್ತಾಳೆಂದು ಕಾದೆ.

ಅಮ್ಮ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

“ನಿನ್ನ ಹೆತ್ತಾಗ ಹತ್ತು ದಿನ ನನ್ನ ಒಂದು ಮೂಲೇಲಿ ಇಟ್ಟಿದ್ರು,” ಎಂದಳು. “ನಮ್ಮಮ್ಮಾನೇ ನೀರಿನ ಚೊಂಬು ದೂರದಲ್ಲಿಟ್ಟು ಹೋಗ್ತಿದ್ಲು. ಮುಟ್ಟಬಾರದು ಅಂತ. ಆ ಮಾಸನ್ನ ನೀನು ಇಷ್ಟು ಮಡಿಯಿಂದ ಮುಟ್ತೀಯೇನೇ?”

“ಹೂಂ, ಅಮ್ಮ.”

“ಕೈ ಕೊಡಿಲ್ಲಿ.”

ಮಡಿಯಲ್ಲಿದ್ದವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಆ ಕೈಯಿಂದಲೇ ಅನ್ನದ ಪಾತ್ರೆ ಎತ್ತಿ ಎಲ್ಲರಿಗೂ ಬಡಿಸಿದಳು.