ಅಕ್ಕ ಮುಚ್ಚಿದ ಕಣ್ಣು

ಅಕ್ಕನಿಗೆ ಕಾಲ ಬಳಿಯ ಬಕೆಟ್ ಕಾಣುತ್ತಿರಲಿಲ್ಲ, ಸೂಜಿಯ ತೂತು ಮಾತ್ರ ಕಾಣುತ್ತಿತ್ತು. ಇದನ್ನು ನಾನು ನಾಟಕ ಅಂದುಕೊಂಡಿದ್ದೆ. ನನಗಿಂತ ಎಂಟು ವರ್ಷ ದೊಡ್ಡವಳು, ಮದುವೆಯಾಗದೆ ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲೇ ಇದ್ದಾಳೆ. ಕಲಬುರಗಿ ಕಡೆಯಿಂದ ಇಲ್ಲಿಗೆ ಬಂದವರ ಮನೆಯಲ್ಲಿ ಕೂಸು ಹುಟ್ಟಿದರೆ, ಹಳೆ ಸೀರೆಗಳನ್ನು ತಂದು ಇವಳಿಂದಲೇ ಹೊದಿಸುವ ಕೌದಿ ಹೊಲಿಸುತ್ತಾರೆ. ಅವಳ ಹೊಲಿಗೆ ಗೆರೆ ಎಳೆದಷ್ಟು ನೇರ.

ಅಪ್ಪನಿಗೂ ಹೊತ್ತು ಮುಳುಗಿದರೆ ಕಣ್ಣು ಕಾಣುತ್ತಿರಲಿಲ್ಲ. ಅದು ನಮ್ಮ ಮನೆತನದಲ್ಲೇ ಬಂದ ಕಾಯಿಲೆ, ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ, ನಡುವಿನದು ಬಹಳ ದಿನ ಉಳಿಯುತ್ತದೆ ಎಂಬುದೆಲ್ಲ ಆಮೇಲೆ ತಿಳಿಯಿತು. ಆಗ ಅವಳು ಎಡವಿದಾಗಲೆಲ್ಲ, "ಸೂಜಿ ಪೋಣಸಾಕ ಬರ್ತೈತಿ, ಬಕೆಟ್ ಕಾಣಂಗಿಲ್ಲೇನು? ಬರೇ ನಖರಾ!" ಎಂದು ಹರಿಹಾಯುತ್ತಿದ್ದೆ. ನನ್ನ ಬಾಯಿ ಅಂಥದ್ದು.

ಒಂದು ದಿನ ಅವಳೇ ಹೇಳಿದಳು: "ತಂಗೆವ್ವಾ, ಹೊಲಿಗಿ ಸೊಟ್ಟ ಕಾಣಾಕತ್ತೈತಿ. ನಟ್ಟನಡುವ ಹೊಗಿ ಅಡ್ಡ ಬಂದಂಗ ಆಗ್ತೈತಿ. ದವಾಖಾನಿಗೆ ಹೋಗೂಣೇನು?"

ಅವತ್ತು ನನ್ನ ಗಂಡನ ಕಡೆಯವರೆಲ್ಲ ಊಟಕ್ಕೆ ಬಂದಿದ್ದರು. ಅವರೆದುರಿಗೇ ಅವಳ ಕೈಗೆ ಸೂಜಿ, ದಾರ ಕೊಟ್ಟು, "ಪೋಣಿಸಿ ತೋರಸು, ನೋಡೂಣು" ಎಂದೆ. ಅಕ್ಕ ಬಲಗಣ್ಣು ಮುಚ್ಚಿ, ದಾರದ ತುದಿಯನ್ನು ಬಾಯಲ್ಲಿ ನೆನೆಸಿ, ಒಂದೇ ಸಲಕ್ಕೆ ಪೋಣಿಸಿದಳು.

"ಆತಲ್ಲ! ಮುಗೀತು ದವಾಖಾನಿ!" ಎಂದೆ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಸೂಜಿ ಪೋಣಿಸುವಾಗ ಯಾರಾದರೂ ಒಂದು ಕಣ್ಣು ಮುಚ್ಚುವುದೇ. ಇವಳು ಬಲಗಣ್ಣನ್ನೇ ಯಾಕೆ ಮುಚ್ಚಿದಳೆಂದು ನಾನು ಕೇಳಲಿಲ್ಲ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಆರೇಳು ತಿಂಗಳ ಮೇಲೆ, ಪಕ್ಕದ ಮನೆಯ ಕೂಸಿಗೆಂದು ಅವಳು ಹೊಲಿದ ಕೌದಿಯ ಮಡಿಕೆ ಬಿಡಿಸಿ ನೋಡಿದೆ. ಒಂದು ಸಾಲು ಬಾಗಿ ಇನ್ನೊಂದರ ಮೇಲೆ ಹತ್ತಿತ್ತು. ಮರುದಿನವೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರಮ್ಮ ತೆಲುಗಿನಲ್ಲಿ ವಿವರಿಸಿದರು. ಈ ಕಾಯಿಲೆಯವರಿಗೆ ಕೆಲವೊಮ್ಮೆ ಕಣ್ಣಿನ ಪರದೆಯ ನಡುಭಾಗದಲ್ಲಿ ನೀರು ತುಂಬಿ ಬಾವು ಬರುತ್ತದಂತೆ. ಎಡಗಣ್ಣಿನದು ಹೊಸದು, ಔಷಧಿಯ ಹನಿಗೆ ಇಳಿಯಬಹುದು. ಬಲಗಣ್ಣಿನದು ಹಳೆಯದು, ಅಲ್ಲಿ ನಡುಭಾಗವೇ ಸವೆದುಹೋಗಿದೆ. "ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?" ಎಂದು ಅವರು ನನ್ನನ್ನು ನೋಡಿ ಕೇಳಿದರು.

ಮನೆಯಲ್ಲಿ ಯಾರಿಗೂ ತಾನೇ ಹೇಳಿರಲಿಲ್ಲವೆಂದು ಅಕ್ಕ ತನ್ನ ಹರಕು ತೆಲುಗಿನಲ್ಲಿ ಸುಳ್ಳು ಹೇಳಿದಳು. ಡಾಕ್ಟರಮ್ಮ ಅವಳನ್ನೇ ಬೈದರು. ಇಷ್ಟುದ್ದ ಬಾಯಿಯ ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಈಗ ದಿನಾ ಬೆಳಿಗ್ಗೆ ಅವಳ ಕಣ್ಣಿಗೆ ಹನಿ ಹಾಕಿ, ನಾಲ್ಕು ಸೂಜಿಗೆ ದಾರ ಪೋಣಿಸಿಟ್ಟು ಕೆಲಸಕ್ಕೆ ಹೋಗುತ್ತೇನೆ. ಮೊನ್ನೆ ದಾರ ಹೋಗದೆ ತಿಣುಕುತ್ತಿದ್ದೆ.

"ಒಂದು ಕಣ್ಣು ಮುಚ್ಚಿಕೋ ತಂಗೆವ್ವಾ, ಹೋಗ್ತೈತಿ" ಎಂದಳು ಅಕ್ಕ. ಚುಚ್ಚಿ ಹೇಳಿದ್ದಲ್ಲ, ಅವಳಿಗೆ ಅದು ಬರುವುದಿಲ್ಲ.

ನಾನು ಸೂಜಿ ಕೆಳಗಿಟ್ಟೆ. "ಅವತ್ತು ಮಂದಿ ಮುಂದ ನಿನ್ನ ನೋಡಿ ನಗಬಾರದಿತ್ತು ಅಕ್ಕಾ."

"ನಾನೂ ನಕ್ಕಿದ್ನಲ್ಲ, ಬಿಡು" ಎಂದಳು.