ಬೆನ್ನು ಕೊಟ್ಟು ನಿಲ್ಲುವ ನಾಯಕನಟ

"ಇವತ್ತು ಎಷ್ಟು ಜನ ಇರ್ತಾರೋ?"

ಕೋಣೆಯಲ್ಲಿ ಉತ್ತರ ಹೇಳುವವರು ಯಾರೂ ಇಲ್ಲ. ಮಂಗಳವಾರದ ಬೆಳಗಿನ ನಾಲ್ಕೂಮುಕ್ಕಾಲು. ಹಾಲಿವುಡ್ಡಿನ ಹಿಂಬದಿಯ ಬೀದಿಯೊಂದರ ಬಾಡಿಗೆ ಮನೆಯ ಮಹಡಿಯಲ್ಲಿ ಲೀಲ್ಯಾಂಡ್ ಪ್ರೂಯಿಟ್ ಕಿಟಕಿಗೆ ಹತ್ತಿರವಾಗಿ ನಿಂತು, ತಣ್ಣನೆಯ ಚಹಾದಲ್ಲಿ ಅದ್ದಿದ ಬಟ್ಟೆಯಿಂದ ಕರಿಕೋಟಿನ ಮೊಣಕೈ ಉಜ್ಜುತ್ತಿದ್ದಾರೆ. ಹಾಗೆ ಉಜ್ಜಿದರೆ ಮಾಸಿದ ಕಪ್ಪು ಒಂದು ದಿನದ ಮಟ್ಟಿಗೆ ಮರಳುತ್ತದೆ. ದೊಡ್ಡವರ ಔತಣಕ್ಕೆ ಹಾಕುವ, ಹಿಂದೆ ಉದ್ದಕ್ಕೆ ಇಳಿಬಿದ್ದ ಕೋಟು. ಅವರಿಗೆ ಅನ್ನ ಕೊಡುವುದು ಅದೇ. ಇಂಥ ಕೋಟು ಸ್ವಂತದ್ದಿದ್ದರೆ ಸಿನಿಮಾದ ಗುಂಪಿನಲ್ಲಿ 'ಅತಿಥಿ'ಯಾಗಿ ನಿಲ್ಲಬಹುದು. ಇಲ್ಲದವರು ಜಾತ್ರೆ, ಜಗಳ, ಯುದ್ಧಗಳ ಧೂಳಿಗೆ ಹೋಗಬೇಕು.

ಬಟ್ಟೆ ಕೆಳಗಿಟ್ಟು ಅವರು ಕನ್ನಡಿಗೆ ಬೆನ್ನು ಮಾಡುತ್ತಾರೆ. ಕೈಯಲ್ಲಿರುವ ಚಿಕ್ಕ ಕನ್ನಡಿಯಿಂದ ದೊಡ್ಡದರೊಳಗೆ ಇಣುಕಿ, ಹೆಗಲು ಸಮ ಇದೆಯೇ, ಕುತ್ತಿಗೆಯ ಕೂದಲು ನೆಟ್ಟಗಿದೆಯೇ ಎಂದು ನೋಡಿಕೊಳ್ಳುತ್ತಾರೆ. ಮುಖವನ್ನು ನೋಡಿಕೊಳ್ಳುವುದು ಕೊನೆಗೆ, ಕ್ಷೌರ ಸರಿಯಾಗಿದೆಯೇ ಎಂದಷ್ಟೇ.

ಅರ್ಧ ದೇಶಕ್ಕೆ ಒಂದು ಕಾಲದಲ್ಲಿ ಪರಿಚಯವಿದ್ದ ಮುಖ ಅದು.

ಟ್ರಾಮಿನಲ್ಲಿ ಜಾಗ ಖಾಲಿಯಿದ್ದರೂ ಲೀಲ್ಯಾಂಡ್ ಕೂರುವುದಿಲ್ಲ. ಕೂತರೆ ಕೋಟಿನ ಹಿಂಭಾಗ ಮುದುಡುತ್ತದೆ. ನಲವತ್ತು ನಿಮಿಷ ಕಂಬಿ ಹಿಡಿದು ನಿಂತೇ ಹೋಗುತ್ತಾರೆ. ಸ್ಟುಡಿಯೋದ ಬಾಗಿಲಲ್ಲಿ ಹೆಸ್ಟರ್ ಡೌಲಿಂಗ್ ಕಾಯುತ್ತಿದ್ದಾರೆ. ಇವರಂತೆಯೇ 'ಅತಿಥಿ', ಎಂಟು ವರ್ಷಗಳಿಂದ ಅವರ ಕುಣಿತದ ಜೋಡಿ. ಮಣಿ ಪೋಣಿಸಿದ ಹಸಿರು ನಿಲುವಂಗಿಯ ಕೆಳಗೆ ಸವೆದ ಚಪ್ಪಲಿ.

"ಏನು ಮಹಾರಾಜರು, ಸವಾರಿ ತಡವಾಯ್ತು?"

"ಆನೆ ಎದ್ದಿರ್ಲಿಲ್ಲ ಕಣಮ್ಮ."

"ಗದ್ದದ ಕೆಳಗೆ ಸೋಪು ಹಾಗೇ ಇದೆ. ಒರೆಸ್ಕೊ."

"ಇರ್ಲಿ ಬಿಡು. ಯಾರು ನೋಡ್ತಾರೆ?"

ಇಬ್ಬರೂ ನಗುತ್ತಾರೆ. ಆ ಮಾತು ಅವರಿಗೆ ಬರೀ ತಮಾಷೆಯಲ್ಲ, ವೃತ್ತಿಯ ನಿಯಮ. ಈ ಚಿತ್ರದಲ್ಲಿ ನಾಲ್ಕು ದಿನದ ಕೆಲಸವಿದೆ. ಇವತ್ತು ರಾಯಭಾರಿಯ ಮನೆಯ ನೃತ್ಯಕೂಟ, ನಾಳೆ ಮದುವೆ, ನಾಡಿದ್ದು ಸಂಗೀತ ಸಭೆ, ಶುಕ್ರವಾರ ಶವಯಾತ್ರೆ. ಗುಂಪಿನಲ್ಲಿ ನಿಂತವನ ಮುಖ ಒಂದು ದೃಶ್ಯದಲ್ಲಿ ಸ್ಪಷ್ಟವಾಗಿ ಸೆರೆಯಾದರೆ ಅವನು 'ಗುರುತಾದ' ಎಂದು ಲೆಕ್ಕ. ನೃತ್ಯಕೂಟದಲ್ಲಿ ಕಂಡವನು ಬೇರೆ ಊರಿನ ಮದುವೆಯಲ್ಲೂ ಕಂಡರೆ ನೋಡುವವರು ನಗುತ್ತಾರೆ. ಹಾಗಾಗಿ ಗುರುತಾದವನನ್ನು ಅಂದೇ ಸಂಜೆ ಮನೆಗೆ ಕಳಿಸುತ್ತಾರೆ. ನಾಲ್ಕೂ ದಿನ ಉಳಿಯಬೇಕೆಂದರೆ ಕ್ಯಾಮೆರಾಕ್ಕೆ ಬೆನ್ನು ಕೊಡಲು ಬರಬೇಕು.

"ಮುಖದಲ್ಲಿ ಅಭಿನಯ ಮಾಡೋದು ಕಲಿಯೋಕೆ ಎರಡು ವರ್ಷ ಹಿಡೀತು. ಅದನ್ನ ಬಚ್ಚಿಡೋದು ಕಲಿಯೋಕೆ ಎಂಟು ವರ್ಷ ಆಯ್ತು. ಇನ್ನೂ ಪೂರ್ತಿ ಬಂದಿಲ್ಲ," ಎನ್ನುತ್ತಾರೆ ಲೀಲ್ಯಾಂಡ್.

ಇದು ಇಸವಿ ಮೂವತ್ತೈದು. ಅವರು ಮೊದಲ ಸಲ ಕ್ಯಾಮೆರಾದ ಮುಂದೆ ನಿಂತದ್ದು ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ನ್ಯೂಜೆರ್ಸಿಯಲ್ಲಿ. ಗಾಜಿನ ಸೂರಿನ ಕೊಟ್ಟಡಿ, ಬಿಸಿಲಿದ್ದರೆ ಕೆಲಸ, ಮೋಡ ಕವಿದರೆ ಇಸ್ಪೀಟು. ವಾರಕ್ಕೆ ಒಂದು ಚಿತ್ರ. ನಟರ ಹೆಸರನ್ನು ಪರದೆಯ ಮೇಲೆ ಹಾಕುವ ಪದ್ಧತಿ ಆಗ ಇರಲಿಲ್ಲ. ಹೆಸರು ಬಂದರೆ ಸಂಬಳ ಏರಿಸಬೇಕಾದೀತೆಂಬ ಭಯ ಕಂಪನಿಗೆ. ಜನರ ಪತ್ರಗಳು 'ನಡುಬೈತಲೆಯ ಮಹಾಶಯರಿಗೆ' ಎಂಬ ವಿಳಾಸ ಹೊತ್ತು ಬರುತ್ತಿದ್ದವು. ಹೆಸರು ಪರದೆಗೆ ಬಂದದ್ದು ಮೂರನೆಯ ವರ್ಷ. ಒಟ್ಟು ಅರವತ್ತನಾಲ್ಕು ಚಿತ್ರಗಳು. ಗಡಿನಾಡಿನ ವೈದ್ಯ, ಕಣ್ಣು ಕಳೆದುಕೊಂಡ ಸೈನಿಕ, ದಾರಿ ತಪ್ಪಿದ ಶ್ರೀಮಂತನ ಮಗ.

ಚಿತ್ರಗಳು ಮೂಕವಾಗಿದ್ದ ಕಾಲದ ಒಂದು ಗುಟ್ಟನ್ನು ಅವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ನಟರು ಏನು ಮಾತಾಡಿದರೂ ನಡೆಯುತ್ತಿತ್ತು. ತುಟಿ ಅಲುಗಿದರೆ ಸಾಕು. ಪ್ರೇಮದ ದೃಶ್ಯದಲ್ಲಿ ಕೆಲವರು ಊಟದ ವಿಷಯ ಮಾತಾಡುತ್ತಿದ್ದರು, ಕೆಲವರು ಬೈಯುತ್ತಿದ್ದರು. ಲೀಲ್ಯಾಂಡರ ತಂದೆ ಕಾನ್ಸಸ್ಸಿನ ಹಳ್ಳಿಯೊಂದರಲ್ಲಿ ಚರ್ಚಿನ ಉಪದೇಶಿ. ತಾಯಿ ಹಿಟ್ಟು ನಾದುತ್ತ ಮಗನಿಗೆ ಸ್ತೋತ್ರಗಳನ್ನು ಬಾಯಿಪಾಠ ಮಾಡಿಸಿದ್ದರು. ನಾಯಕಿಯ ಕೈ ಹಿಡಿದಾಗ ಇವರ ಬಾಯಿಗೆ ಬೇರೇನೂ ಬರುತ್ತಿರಲಿಲ್ಲ. ಅವೇ ಸಾಲುಗಳು, ಅಮ್ಮನ ಅದೇ ಲಯದಲ್ಲಿ. ಅರವತ್ತನಾಲ್ಕು ಚಿತ್ರಗಳಲ್ಲಿ ಪ್ರೇಮವೆಂದು ಜನ ಕಂಡದ್ದೆಲ್ಲ ಪ್ರಾರ್ಥನೆ.

"ಅದರ ಬಗ್ಗೆ ಒಂದೇ ಒಂದು ಕಾಗದ ಬಂದಿತ್ತು, ಒಹಾಯೊದಿಂದ. ಕಿವಿ ಕೇಳದ ಮೇಷ್ಟ್ರಮ್ಮ. ತುಟಿ ನೋಡಿ ಮಾತು ತಿಳ್ಕೊಳ್ಳೋರು. 'ಅವಳನ್ನ ಮದುವೆ ಆಗು ಅಂತ ಕೇಳ್ತಿದೀರಿ ಅಂತ ಊರೆಲ್ಲ ಅಂದ್ಕೊಂಡಿದೆ. ನೀವು ಹೇಳಿದ್ದು ನನಗೆ ಕೇಳಿಸ್ತು' ಅಂತ ಬರೆದಿದ್ರು. ಅಷ್ಟು ವರ್ಷದಲ್ಲಿ ನನ್ನ ಮಾತು ಕೇಳಿಸ್ಕೊಂಡವರು ಅವರೊಬ್ಬರೇ."

ಮಾತಿನ ಚಿತ್ರ ಬಂದು ಅವರ ಬದುಕು ಮುರಿಯಿತು ಎಂದು ತಿಳಿದವರೇ ಹೆಚ್ಚು. ಅದು ತಪ್ಪು. "ನನ್ನ ದನಿಗೇನಾಗಿತ್ತು? ಚೆನ್ನಾಗೇ ಇತ್ತು. ಮಾತು ಬರೋಕೆ ಆರು ವರ್ಷ ಮುಂಚೆನೇ ಕರೆಯೋದು ನಿಲ್ಲಿಸಿದ್ರು. ಜಗಳ ಇಲ್ಲ, ಹಗರಣ ಇಲ್ಲ. ಒಂದು ಸೋಮವಾರ ಸ್ಟುಡಿಯೋಗೆ ಕರ್ಕೊಂಡು ಹೋಗೋ ಗಾಡಿ ಬರ್ಲಿಲ್ಲ ಅಷ್ಟೆ." ಯುದ್ಧ ಮುಗಿದ ಮೇಲೆ ಜನರಿಗೆ ಬೇರೆ ಬಗೆಯ ಚೆಲುವು ಬೇಕಾಯಿತು. ಹೆಂಡತಿ ತವರಿಗೆ ಹೋದವರು ಮರಳಲಿಲ್ಲ. ಹಳೆಯ ಚಿತ್ರಗಳ ಸುರುಳಿಗಳನ್ನು ಅವುಗಳೊಳಗಿನ ಬೆಳ್ಳಿಗಾಗಿ ಕರಗಿಸಿದರು. ಒಂದೂ ಉಳಿದಿಲ್ಲ. "ಯಾರದೋ ಮನೇಲಿ ಚಮಚ ಆಗಿದೀನಿ. ಒಳ್ಳೇ ಸಾರು ಕುಡೀತಿದ್ರೆ ಸಾಕು."

ಈಗ ದಿನವೆಂದರೆ ಟೆಲಿಫೋನು. ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ಕಾಲುಗಂಟೆಗೊಮ್ಮೆ ಪಾತ್ರ ಹಂಚುವ ಕಚೇರಿಗೆ ಫೋನು ಮಾಡಬೇಕು. ಆ ಕಡೆಯ ಹುಡುಗಿ ಎರಡೇ ಮಾತು ಆಡುತ್ತಾಳೆ: "ಕೆಲಸ ಇಲ್ಲ. ಆಮೇಲೆ ಮಾಡಿ." ಕಳೆದ ಹತ್ತೊಂಬತ್ತು ದಿನ ಅವರೊಂದಿಗೆ ಬೇರೆ ಯಾರೂ ಮಾತಾಡಿಲ್ಲ. ಆ ಹುಡುಗಿಯರು ಆರು ಜನ. ದನಿಯ ಮೇಲೇ ಲೀಲ್ಯಾಂಡರಿಗೆ ಆರೂ ಜನ ಗೊತ್ತು. ಒಬ್ಬಳಿಗೆ ನೆಗಡಿಯಾಗಿತ್ತು. "ಶುಂಠಿ ಹಾಕ್ಕೊಂಡು ಬಿಸಿನೀರು ಕುಡಿಯಮ್ಮ" ಎಂದು ಇವರು ಹೇಳುವಷ್ಟರಲ್ಲಿ ಲೈನು ಕಡಿದಿತ್ತು. ಇಪ್ಪತ್ತನೆಯ ಸಂಜೆ, ಅಂದರೆ ನಿನ್ನೆ, ಅದೇ ನೆಗಡಿಯ ದನಿ "ನಾಲ್ಕು ದಿನ, ಕರಿಕೋಟು" ಎಂದಿತು. ಅವರು ಫೋನು ಇಟ್ಟವರೇ ಕೋಟನ್ನು ಗೂಟದಿಂದ ಇಳಿಸಿದರಂತೆ.

ಮುಖ ಎಷ್ಟು ಬೇಗ ಮೋಸ ಮಾಡುತ್ತದೆಂದು ಅವರಿಗೆ ಗೊತ್ತು. ಹೋದ ಚಳಿಗಾಲದಲ್ಲಿ ಕುದುರೆ ಜೂಜಿನ ಚಿತ್ರ. ಆರು ದಿನದ ಕೆಲಸ. ಮೊದಲ ದಿನ, ಮೊದಲ ಗಂಟೆ. ದೊಡ್ಡ ದೀಪ ಹೊತ್ತಿತು. ಬಿಸಿ ಕೆನ್ನೆಗೆ ತಾಗಿತು. ಗದ್ದ ತಾನಾಗಿ ಮೇಲೆದ್ದಿತು, ಕಣ್ಣು ಬೆಳಕನ್ನು ಹುಡುಕಿಕೊಂಡಿತು. "ನಾನು ತಿರುಗ್ಲಿಲ್ಲ ಸ್ವಾಮಿ. ಅದೇ ತಿರುಗ್ತು," ಎನ್ನುತ್ತಾರೆ. ಸಹಾಯಕ ನಿರ್ದೇಶಕ ಕೂಗಿದ: "ಆ ಬಿಳಿಗೂದಲಿನವನು ಗುರುತಾದ, ನಾಳೆಯಿಂದ ಬೇಡ!" ಐದು ದಿನ ಹೋಯಿತು. ಜೋಡಿ ಒಡೆದದ್ದಕ್ಕೆ ಹೆಸ್ಟರ್ ಅವರದ್ದೂ ಹೋಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಲೀಲ್ಯಾಂಡ್.

ಇವತ್ತಿನ ನೃತ್ಯಕೂಟದಲ್ಲಿ ಇನ್ನೂರು ಜನ. ಮೇಣ ಸವರಿದ ನೆಲ, ಕಾಗದದ ಗುಲಾಬಿ, ಪೆಟ್ಟಿಗೆಗಳಲ್ಲಿ ಬಂದ ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ. ಗೋಡೆಗೆ ಒರಗಿ ನಿಂತೇ ತಿನ್ನುವ ಕರಿಕೋಟುಗಳ ಸಾಲಿನಲ್ಲಿ ಯಾರದೋ ಮಂಡಿನೋವು, ಯಾರದೋ ಮೊಮ್ಮಗು, ಯಾರೋ ಹೇಳಿದ ಹಳಸಲು ಜೋಕು. ಲೀಲ್ಯಾಂಡ್ ಎಲ್ಲವನ್ನೂ ಕೇಳುತ್ತಾರೆ. ಮಾತಾಡುವುದು ಕಡಿಮೆ. ಪಕ್ಕದವರು ಉಪ್ಪು ಕೇಳಿದರೆ ಎರಡು ಕೈಯಲ್ಲಿ ಕೊಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಕುಣಿತ. ಹೆಸ್ಟರ್ ಕೈ ಇವರ ತೋಳಿನ ಮೇಲೆ. ದೀಪ ಹೊತ್ತಿದಾಗ ಹೆಸ್ಟರ್ ಬೆರಳು ಮೆಲ್ಲಗೆ ಒತ್ತುತ್ತದೆ, ತಿರುಗಬೇಡ ಎಂದು. ಅವರು ತಿರುಗುವುದಿಲ್ಲ. ಮೂರು ಸುತ್ತು, ನಾಲ್ಕು ಸುತ್ತು, ಬೆನ್ನು ಬೆನ್ನಾಗಿಯೇ ಉಳಿಯುತ್ತದೆ.

ಆಗ ಕ್ಯಾಮೆರಾದ ಹಿಂದಿನಿಂದ ಬೋಳುತಲೆಯ ಮುದುಕರೊಬ್ಬರು ಇಳಿದು ಬರುತ್ತಾರೆ. ಗಸ್ ಬೀಮರ್. ನ್ಯೂಜೆರ್ಸಿಯ ಗಾಜಿನ ಸೂರಿನ ಕೆಳಗೆ ಕೈಯಿಂದ ಹಿಡಿ ತಿರುಗಿಸಿ ಲೀಲ್ಯಾಂಡರ ಚಿತ್ರ ತೆಗೆಯುತ್ತಿದ್ದವರು. ಹದಿನಾಲ್ಕು ವರ್ಷವಾಯಿತು ಭೇಟಿಯಾಗಿ.

"ತಿರುಗೋವಾಗ ಎಡಹೆಗಲು ಒಂದು ಅಂಗುಲ ಇಳಿಸೋ ನನ್ಮಗ ಇಡೀ ಊರಲ್ಲಿ ಒಬ್ನೇ," ಎನ್ನುತ್ತಾರೆ ಗಸ್. "ಲೀ! ಇಷ್ಟು ದಿನ ಎಲ್ಲಿ ಸತ್ತಿದ್ದೆಯೋ?"

"ಇಲ್ಲೇ. ನಿನ್ನ ಮುಂದೇನೇ."

ಗಸ್ ಕಣ್ಣೊರೆಸಿಕೊಂಡು ಅವಸರವಾಗಿ ಮಾತಾಡುತ್ತಾರೆ. "ಕೇಳಿಲ್ಲಿ. ರಾಯಭಾರಿ ಪಾತ್ರ ನೀನು ಮಾಡು. ಮೆಟ್ಟಿಲಿಳಿದು ಬಂದು ನಾಯಕಿ ಹುಡುಗೀಗೆ ತಲೆಬಾಗಬೇಕು. ಮಾತಿಲ್ಲ. ಪರದೆ ತುಂಬ ಮುಖ. ನಿರ್ದೇಶಕರಿಗೆ ಹೇಳಿದೀನಿ, ಒಪ್ಪಿದಾರೆ. ಬೆಳಕು ನಾನೇ ಇಡ್ತೀನಿ, ಮೊದಲಿನ ಹಂಗೆ. ಬಾ."

ಹೆಸ್ಟರ್ ತೋಳಿನ ಮೇಲಿಂದ ಕೈ ತೆಗೆದುಬಿಡುತ್ತಾರೆ. "ಹೋಗು ಲೀ," ಎನ್ನುತ್ತಾರೆ, ಅವರನ್ನು ನೋಡದೆ.

"ಆಮೇಲೆ? ನಾಳೆ ಮದುವೆಗೆ?" ಎಂದು ಕೇಳುತ್ತಾರೆ ಲೀಲ್ಯಾಂಡ್.

"ನಾಳೆ ಯಾಕೋ ನಿಂಗೆ? ಗುರುತಾದ ಮುಖ ಮತ್ತೆ ಹೆಂಗೆ ಬರುತ್ತೆ? ಸಂಜೆ ಮನೆಗೆ ಹೋಗಿ ಆರಾಮಾಗಿರು. ಲೋಕಕ್ಕೆ ನಿನ್ನ ಮುಖ ಒಂದ್ಸಲ ಕಾಣ್ಲಿ ಮಾರಾಯ, ನನಗೋಸ್ಕರ."

ಆರಾಮಾಗಿರು. ಮಹಡಿಯ ಕೋಣೆ, ಟೆಲಿಫೋನು, ಕಾಲುಗಂಟೆಗೊಮ್ಮೆ ಆ ಹುಡುಗಿಯರ ದನಿ. ಇಲ್ಲಿ ಇನ್ನೂ ಮೂರು ದಿನ ಇನ್ನೂರು ಜನ, ಮಂಡಿನೋವಿನ ಮಾತು, ಉಪ್ಪು ಕೇಳುವ ಪಕ್ಕದವರು. ಮೆಟ್ಟಿಲ ಬಳಿ ದೊಡ್ಡ ದೀಪ ಆಗಲೇ ಹೊತ್ತಿದೆ. ಅದರ ಬಿಸಿ ಇಲ್ಲಿಯವರೆಗೂ ಬರುತ್ತಿದೆ. ಲೀಲ್ಯಾಂಡ್ ಹೆಸ್ಟರ್ ಅವರ ಕೈಯನ್ನು ತಾವೇ ಹಿಡಿದು ತಮ್ಮ ತೋಳಿನ ಮೇಲೆ ಇಟ್ಟುಕೊಳ್ಳುತ್ತಾರೆ.

"ಇಲ್ಲ ಗಸ್," ಎನ್ನುತ್ತಾರೆ. "ನಾನು ಬರಲ್ಲ."