ಎರಡು ಚಪ್ಪಡಿ ಮತ್ತು ಘಾನಾದ ಕಾಯ್ದೆ

ನನ್ನ ಫೋಟೊ ಒಂದು ಸರ್ಕಾರಿ ಫೈಲಿನೊಳಗೆ ಹೋಗಿ ಕೂತಿದೆ. ಈ ಅಂಕಣದ ಮೇಲೆ ವಾರ ವಾರ ನೋಡುತ್ತೀರಲ್ಲ, ಅದೇ ಹಲ್ಲು ಕಿರಿದ ಫೋಟೊ. ಕೆಳಗೆ ನನ್ನದೇ ಬರಹ. ಎರಡು ಸಾಲಿಗೆ ಕೆಂಪು ಶಾಯಿಯ ಗೆರೆ. ಬರೆಯುವವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೇ?

ಈ ಮರ್ಯಾದೆ ಬೇಕಿರಲಿಲ್ಲ. ಯಾಕೆಂದು ಹೇಳುತ್ತೇನೆ.

ಭಟ್ಕಳ, ಹೊನ್ನಾವರ, ಕುಮಟಾ. ಈ ಮೂರರಲ್ಲಿ ಒಂದು ಊರು. ಯಾವುದೆಂದು ಈ ಸಲ ಹೇಳುವುದಿಲ್ಲ. (ಹೋದ ಸಲದ್ದು ನೆನಪಿದ್ದವರು ದಯವಿಟ್ಟು ಮರೆತುಬಿಡಿ.) ಅಲ್ಲಿ ಶಾರದಕ್ಕನ ಎಸ್‌ಟಿಡಿ ಬೂತು. ಹೆಸರೂ ಬೇರೆಯೇ ಇಟ್ಟಿದ್ದೇನೆ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಹೋದವು. ಅಂಗವಿಕಲರ ಕೋಟಾದಲ್ಲಿ ಬೂತು ಸಿಕ್ಕಿತು. ಈಗ ಎಲ್ಲರ ಜೇಬಲ್ಲೂ ಮೊಬೈಲು, ಬೂತಿಗೆ ಬರುವವರು ಕಡಿಮೆ. ಆದರೂ ಅವಳ ಅನ್ನ ಅದೇ.

ರಸ್ತೆಗೂ ಬೂತಿಗೂ ನಡುವೆ ಒಂದು ಗಟಾರ. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಗಟಾರ ದಾಟುವುದಿಲ್ಲ. ವರ್ಷಗಟ್ಟಲೆ ಶಾರದಕ್ಕ ರಸ್ತೆಯಲ್ಲೇ ಇಳಿದು, ಗಟಾರದ ಮೇಲಿನ ಹಲಗೆಯ ಮೇಲೆ ಕೈಯೂರಿ ತೆವಳಿಕೊಂಡು ಒಳಗೆ ಹೋಗುತ್ತಿದ್ದಳು. ನಾವೆಲ್ಲ ನೋಡುತ್ತಿದ್ದೆವು. ನೋಡಿ ನೋಡಿ ನಮಗದು ಕಾಣುವುದೇ ನಿಂತುಹೋಗಿತ್ತು.

ಹೋದ ವರ್ಷ ಅವಳ ತಮ್ಮ ಮಂಜು ರಜೆಯಲ್ಲಿ ಬಂದ. ಅವನಿಗೆ ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಬಟ್ಟೆಯಂಗಡಿಯ ಕೆಲಸ. ಒಂದು ಬೆಳಿಗ್ಗೆ ಎರಡು ಚಪ್ಪಡಿ ಕಲ್ಲು ತಂದು ಗಟಾರದ ಮೇಲೆ ಇಳಿಜಾರಾಗಿ ಕೂರಿಸಿದ. ಶಾರದಕ್ಕ ಸೈಕಲ್ಲಿನಲ್ಲೇ ಸೀದಾ ಟೇಬಲ್ಲಿಗೆ ಹೋದಳು. ಮೊದಲ ದಿನ ಮೂರು ಸಲ ಒಳಗೆ ಹೋಗಿ ಮೂರು ಸಲ ಹೊರಗೆ ಬಂದಳಂತೆ, ಸುಮ್ಮನೆ.

ವಾಪಸು ಹೋದ ಮೇಲೆ ಮಂಜು ಅಲ್ಲಿಯ ಪೇಪರಿನ ಒಂದು ತುಂಡು ಕಳಿಸಿದ. ಇಂಗ್ಲಿಷು. ಓದಿ ಹೇಳಿ ಎಂದು ಶಾರದಕ್ಕ ನನ್ನ ಕೈಗೆ ಕೊಟ್ಟಳು. ಘಾನಾದಲ್ಲಿ ಅಂಗವಿಕಲರಿಗಾಗಿ ಹೊಸ ಕಾಯ್ದೆ ಬಂದಿದೆ. ಜನ ಹೋಗಿ ಬರುವ ಪ್ರತಿ ಕಟ್ಟಡಕ್ಕೂ ಅವರು ಒಳಗೆ ಹೋಗುವಂಥ ದಾರಿ ಇರಬೇಕು. ಹಳೇ ಕಟ್ಟಡಗಳಿಗೆ ಹತ್ತು ವರ್ಷ ಗಡುವು.

"ಹತ್ತು ವರ್ಷನಾ?" ಎಂದಳು ಶಾರದಕ್ಕ. "ಅಲ್ಲೀವರೆಗೆ ಅಲ್ಲಿಯವ್ರು ಎಂತ ಮಾಡೂದು ಸರ್?"

ನಮ್ಮ ಕಾಯ್ದೆ ಇನ್ನೂ ಹಳೆಯದು, ತೊಂಬತ್ತೈದರದ್ದು. ಅದರಲ್ಲೂ ಇಳಿಜಾರು, ರ‍್ಯಾಂಪು ಎಲ್ಲ ಇದೆ. ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬ ಬಾಲವೂ ಇದೆ. ಗಡುವು ಮಾತ್ರ ಇಲ್ಲ. ಘಾನಾದವರು ಮಾಡುತ್ತಾರೋ ಬಿಡುತ್ತಾರೋ ದೇವರಿಗೇ ಗೊತ್ತು, ತಾರೀಖನ್ನಾದರೂ ಬರೆದರಲ್ಲ!

ಇದನ್ನೇ ಅಂಕಣವಾಗಿಸಿದೆ. ಘಾನಾಕ್ಕೆ ಹತ್ತು ವರ್ಷ, ನಮ್ಮ ಮಂಜುವಿಗೆ ಒಂದೇ ಬೆಳಿಗ್ಗೆ! ಊರು, ಹೆಸರು, ಬೂತು ಇರುವ ರಸ್ತೆ, ಎಲ್ಲ ಹಾಕಿದ್ದೆ. ನೀವು ಹೊಗಳಿ ಪತ್ರ ಬರೆದಿರಿ. ನಾನು ಉಬ್ಬಿದೆ.

ರಸ್ತೆ, ಗಟಾರ ನೋಡಿಕೊಳ್ಳುವ ಊರಿನ ಕಚೇರಿಯವರೂ ಓದಿದ್ದರು. ಹದಿನೈದು ದಿನದಲ್ಲಿ ಹಾರೆ ಹಿಡಿದ ನಾಲ್ವರು ಬಂದು ಚಪ್ಪಡಿ ಕಿತ್ತು ಲಾರಿಗೆ ಹಾಕಿದರು. ಅನುಮತಿ ಇಲ್ಲದೆ ಗಟಾರ ಮುಚ್ಚಿದ್ದು ಒತ್ತುವರಿಯಂತೆ.

ನಾನು ಕಚೇರಿಗೆ ಓಡಿದೆ. ಅಧಿಕಾರಿ ಫೈಲು ಬಿಡಿಸಿ ನನ್ನ ಬರಹ ತೋರಿಸಿದರು. "ಸಾಕ್ಷಿ ನೀವೇ ಕೊಟ್ಟೀರಲ್ರೀ."

"ಕಾಯ್ದೆ ಇದೆಯಲ್ಲ ಸ್ವಾಮಿ?" ಎಂದೆ.

"ಅದೆ. ನಮ್ಮತ್ರ ಸಾಮರ್ಥ್ಯ ಇಲ್ಲ."

"ನಿಮ್ಮದೊಂದು ಪೈಸೆ ಖರ್ಚಾಗಿಲ್ಲ. ಕಲ್ಲು ಅವರದ್ದು."

"ಅದೇ ತೊಂದರೆ ಆಗಿದ್ದು. ನಾವು ಹಾಕಿದ್ರೆ ರ‍್ಯಾಂಪು, ಅವ್ರು ಹಾಕಿದ್ರೆ ಒತ್ತುವರಿ."

ಮನುಷ್ಯ ಕೆಟ್ಟವನಲ್ಲ. ಚಾ ಕೂಡ ತರಿಸಿದ. ಅರ್ಜಿ ಕೊಡಿ, ಮೇಲಕ್ಕೆ ಕಳಿಸೋಣ ಎಂದ. ಕೊಟ್ಟೆ. ಮೇಲಕ್ಕೆ ಹೋಗಿದೆ.

ಮೊನ್ನೆ ಭಾನುವಾರ ಬೂತಿಗೆ ಹೋದೆ. ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ಶಾರದಕ್ಕ ಹಲಗೆಯ ಮೇಲೆ ಅರ್ಧ ದಾರಿಯಲ್ಲಿದ್ದಳು. ಯಾರೂ ನೋಡಬಾರದೆಂದೇ ಈಗ ಅಷ್ಟು ಬೇಗ ಬರುತ್ತಾಳೆ. ಕೈಕೊಡಲು ಹೋದೆ.

"ಬೇಡ ಸರ್. ಮೊದ್ಲೆಲ್ಲ ಅಭ್ಯಾಸ ಇತ್ತು. ಒಂದ್ ವರ್ಷದಲ್ಲಿ ಮರ್ತ್ ಹೋಗ್ಯದೆ, ಅಷ್ಟೇ."

ನನಗೆ ನಾಚಿಕೆಯಿಂದ ಸಾಯುವಂತಾಯಿತು. ಮುಖ ಎಲ್ಲಿಡಲಿ? ಚಾ ತರಿಸಿದೆ. ಅವಳು ಮುಟ್ಟಲಿಲ್ಲ. ಕುಡಿದರೆ ಮತ್ತೆ ಹೊರಗೆ ಹೋಗಬೇಕಲ್ಲ, ಎಲ್ಲರೆದುರು? ಸಂಜೆ ಅಂಗಡಿಗಳು ಮುಚ್ಚುವ ತನಕ ಒಂದು ಹನಿ ನೀರೂ ಕುಡಿಯುವುದಿಲ್ಲವಂತೆ.

"ನಡೆದದ್ದನ್ನು ಬರೆಯಲಾ?" ಎಂದು ಅಳುಕುತ್ತಲೇ ಕೇಳಿದೆ. ಅವಳು ಟೇಬಲ್ಲು ಒರೆಸತೊಡಗಿದಳು. ನಾನು ಅಲ್ಲೇ ಕೂತೆ.

ಹನ್ನೆರಡರ ಹೊತ್ತಿಗೆ ಫೋನು ಬಂತು. ಘಾನಾದಿಂದ ಮಂಜು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ದೂರದ ಕರೆ, ಜೋರಾಗಿ ಮಾತಾಡುತ್ತಿದ್ದ. ನನಗೂ ಕೇಳಿಸಿತು.

"ಚಪ್ಪಡಿ ಅಲ್ಲಾಡೂದಿಲ್ಲ ಅಲ್ದ ಅಕ್ಕಾ?"

"ಇಲ್ವೋ. ಗಟ್ಟಿ ಅದೆ. ಈಗಷ್ಟೇ ಅದ್ರ ಮೇಲೇ ಬಂದೆ."

ತಿಂಡಿ ಆತಾ, ಜ್ವರ ಬಿಟ್ಟಿತಾ ಎಂದೆಲ್ಲ ಕೇಳಿ, ನಗುನಗುತ್ತ ಮಾತು ಮುಗಿಸಿ ಫೋನಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಡೆ ತಿರುಗಿದಳು.

"ನಿಮ್ಮ ಪೇಪರು ಘಾನಾಕ್ಕೆ ಹೋಗ್ತದಾ ಸರ್?"

"ಇಲ್ಲ ಶಾರದಕ್ಕ."

"ಹಂಗಾರೆ ಬರೀರಿ."